ಮಲಿನವಲ್ಲದ ಮಲಿನ ರಕ್ತ



ಇಂದಿನ ಮಾತು ರಕ್ತದ ಬಗ್ಗೆ. ಆದರೆ ಅದು ಶುರುವಾಗಬೇಕಾದುದು ಆಕಾಶದಲ್ಲಿ. 1875ರ ಏಪ್ರಿಲ್ 15ರಂದು, ಪ್ಯಾರಿಸ್ಸಿನ ಲಾ ವಿಲೆಟ್ ಅನಿಲ ಕಾರ್ಖಾನೆಯ ಅಂಗಳದಿಂದ ‘ಜೆನಿತ್’ ಎಂಬ ಬಲೂನು ಮೇಲೇರಿತು. ಅದರ ಬುಟ್ಟಿಯಲ್ಲಿ ಗ್ಯಾಸ್ಟನ್ ಟಿಸಾಂಡಿಯೆ, ಜೋಸೆಫ್ ಕ್ರೊಸೆ-ಸ್ಪಿನೆಲಿ, ಥಿಯೊಡೊರ್ ಸಿವೆಲ್ ಎಂಬ ಮೂವರಿದ್ದರು. ಎತ್ತರಕ್ಕೆ ಹೋದಂತೆ ಗಾಳಿ ತೆಳುವಾಗುತ್ತದೆ, ಉಸಿರಿಗೆ ಆಮ್ಲಜನಕ ಸಾಲದಾಗುತ್ತದೆ ಎಂಬುದು ಅವರಿಗೆ ತಿಳಿಯದ ವಿಷಯವಲ್ಲ. ಹಿಂದಿನ ವರ್ಷವಷ್ಟೇ ಕ್ರೊಸೆ-ಸ್ಪಿನೆಲಿ ಮತ್ತು ಸಿವೆಲ್ ಇಬ್ಬರೂ ಶರೀರಕ್ರಿಯಾ ವಿಜ್ಞಾನಿ ಪಾಲ್ ಬೆರ್ ಅವರ ಪ್ರಯೋಗಾಲಯದಲ್ಲಿ, ಗಾಳಿಯನ್ನು ಹೊರಗೆಳೆದು ಒತ್ತಡ ಇಳಿಸಬಹುದಾದ ಒಂದು ಭದ್ರ ಕೋಣೆಯಲ್ಲಿ ಕುಳಿತು, ಎತ್ತರದ ಅನುಭವವನ್ನು ನೆಲದ ಮೇಲೆಯೇ ಪಡೆದಿದ್ದರು. ಆಮ್ಲಜನಕ ಸೇದಿದೊಡನೆ ಕಣ್ಣಿಗೆ ಕವಿದ ಮಬ್ಬು ಹರಿಯುವುದನ್ನೂ ಕಂಡಿದ್ದರು. ಆದ್ದರಿಂದಲೇ ಈ ಪಯಣದಲ್ಲಿ ಆಮ್ಲಜನಕ ಬೆರೆತ ಗಾಳಿ ತುಂಬಿದ ಮೂರು ಚೀಲಗಳು ಅವರ ತಲೆಯ ಮೇಲೆಯೇ ತೂಗುತ್ತಿದ್ದವು. ಅಷ್ಟು ಸಾಲದು ಎಂದು ಬೆರ್ ಪತ್ರ ಬರೆದಿದ್ದರು. ಆದರೆ ಸಿದ್ಧತೆ ಬದಲಿಸಲು ಕಾಲ ಮೀರಿತ್ತು. ಇದ್ದುದನ್ನು ಉಳಿಸಿಕೊಂಡು, ಅಗತ್ಯ ಬಿದ್ದಾಗ ಮಾತ್ರ ಸೇದುವುದೆಂದು ಮೂವರೂ ನಿಶ್ಚಯಿಸಿಕೊಂಡರು.

ಆ ಅಗತ್ಯ ಬಿದ್ದದ್ದು ಅವರಿಗೆ ಗೊತ್ತಾಗಲೇ ಇಲ್ಲ. ಏಳೂವರೆ ಸಾವಿರ ಮೀಟರಿನ ಆಸುಪಾಸಿನಲ್ಲಿ ಸಿವೆಲ್ ಇನ್ನಷ್ಟು ಮೇಲೇರಲೆಂದು ಮರಳಿನ ಚೀಲಗಳ ಹಗ್ಗ ಕತ್ತರಿಸಿದರು. ಎಂಟು ಸಾವಿರ ಮೀಟರ್ ಮುಟ್ಟಿದೆವೆಂದು ಕೂಗಿ ಹೇಳಲು ಟಿಸಾಂಡಿಯೆ ಬಯಸಿದರೆ ನಾಲಿಗೆ ಏಳಲಿಲ್ಲ. ಕೈಯೂ ಏಳಲಿಲ್ಲ. ಮರುಕ್ಷಣ ಪ್ರಜ್ಞೆ ಹೋಯಿತು. ಬಲೂನು 8,600 ಮೀಟರಿನವರೆಗೆ ಏರಿತ್ತೆಂದು ಆಮೇಲೆ ಉಪಕರಣಗಳು ಹೇಳಿದವು. ಅದು ತಾನಾಗಿ ಇಳಿಯತೊಡಗಿ ಟಿಸಾಂಡಿಯೆ ಕೊನೆಗೊಮ್ಮೆ ಪೂರ್ತಿ ಎಚ್ಚರಗೊಂಡಾಗ ಗೆಳೆಯರಿಬ್ಬರೂ ಬುಟ್ಟಿಯಲ್ಲಿ ಕುಸಿದು ಸತ್ತಿದ್ದರು. ಮುಖ ಕಪ್ಪಿಟ್ಟಿತ್ತು, ಬಾಯಲ್ಲಿ ರಕ್ತ ತುಂಬಿತ್ತು. ಬದುಕುಳಿದ ಟಿಸಾಂಡಿಯೆ ಬರೆದಿಟ್ಟ ವಿವರದಲ್ಲಿ ಮೈ ನಡುಗಿಸುವುದು ಈ ಸಾವುಗಳಲ್ಲ. ಆ ಎತ್ತರದಲ್ಲಿ ಯಾವ ನೋವೂ ಇರಲಿಲ್ಲ, ಬದಲಿಗೆ ಒಳಗೊಳಗೇ ಒಂದು ಸಂತೋಷವಿತ್ತು, ಅಪಾಯದ ಯೋಚನೆಯೇ ಬರಲಿಲ್ಲ ಎನ್ನುತ್ತಾರಲ್ಲ, ಅದು.

ಮೂಗು ಬಾಯಿ ಮುಚ್ಚಿದರೆ ಎಳೆಯ ಮಗುವೂ ಒದ್ದಾಡುತ್ತದೆ. ಕಲಿತ ವಿಜ್ಞಾನಿಗಳು, ಆಮ್ಲಜನಕದ ನಳಿಗೆ ಕೈಗೆಟುಕುವಲ್ಲಿಯೇ ಇದ್ದೂ, ಏಕೆ ಒದ್ದಾಡಲಿಲ್ಲ? ಇದಕ್ಕೆ ಉತ್ತರ ಸಿಕ್ಕಲು ಮುಂದೆ ಮೂವತ್ತು ವರ್ಷ ಹಿಡಿಯಿತು. ಆ ಉತ್ತರ ಇರುವುದು ಶಾಲೆಯ ಪುಸ್ತಕಗಳು ‘ಮಲಿನ’ ಎಂದು ತಳ್ಳಿಹಾಕಿದ ರಕ್ತದಲ್ಲಿ.

ಹೃದಯದಿಂದ ಮೈಗೆ ರಕ್ತ ಒಯ್ಯುವ ಅಪಧಮನಿಯನ್ನು ಶುದ್ಧ ರಕ್ತನಾಳವೆಂದೂ, ಮೈಯಿಂದ ಹೃದಯಕ್ಕೆ ತರುವ ಅಭಿಧಮನಿಯನ್ನು ಮಲಿನ ರಕ್ತನಾಳವೆಂದೂ ಕನ್ನಡದ ಮಕ್ಕಳು ತಲೆಮಾರುಗಳಿಂದ ಬಾಯಿಪಾಠ ಮಾಡಿದ್ದಾರೆ. ಗೋಡೆಗೆ ತೂಗುಹಾಕಿದ ಪಟದಲ್ಲಿ ಮೊದಲನೆಯದು ಕೆಂಪು, ಎರಡನೆಯದು ನೀಲಿ. ಶ್ವಾಸಕೋಶಕ್ಕೆ ಹೋಗುವ ಅಪಧಮನಿಯಲ್ಲಿ ಮಾತ್ರ ‘ಮಲಿನ’ ರಕ್ತ ಹರಿಯುತ್ತದೆ, ಅಲ್ಲಿಂದ ಬರುವ ಅಭಿಧಮನಿಯಲ್ಲಿ ‘ಶುದ್ಧ’ ರಕ್ತ ಎಂಬ ಅಪವಾದ ಪರೀಕ್ಷೆಯಲ್ಲಿ ಎಷ್ಟು ಮಂದಿಯ ಅಂಕ ನುಂಗಿದೆಯೋ! ಮನುಷ್ಯನ ರಕ್ತ ಎಲ್ಲಿಯೂ ನೀಲಿಯಲ್ಲ. ಸೂಜಿ ಚುಚ್ಚಿ ಮೊಣಕೈ ಒಳಮಡಿಕೆಯಿಂದ ತೆಗೆಯುವ ರಕ್ತ ಅಭಿಧಮನಿಯದೇ. ಅದು ಕಡುಗೆಂಪು, ನೇರಳೆಹಣ್ಣಿನ ರಸದತ್ತ ತಿರುಗಿದ ಕೆಂಪು. ಬಣ್ಣದ ತಪ್ಪನ್ನಾದರೂ ಕ್ಷಮಿಸಬಹುದು. ಹೆಸರಿನ ತಪ್ಪು ದೊಡ್ಡದು, ಏಕೆಂದರೆ ಮಲಿನವೆಂದೊಡನೆ ಅದು ಹೊರಹಾಕಬೇಕಾದ ಕೊಳೆ, ಅದರಿಂದ ಮೈಗೇನೂ ಪ್ರಯೋಜನವಿಲ್ಲ ಎಂಬ ಭಾವನೆ ಬಂದುಬಿಡುತ್ತದೆ.

ರಕ್ತದ ಎರಡು ಬಣ್ಣಗಳ ಗುಟ್ಟನ್ನು ಮೊದಲು ಸ್ಪಷ್ಟವಾಗಿ ಹಿಡಿದವರು ಇಂಗ್ಲೆಂಡಿನ ವೈದ್ಯ ರಿಚರ್ಡ್ ಲೋವರ್. ರಕ್ತ ಮೈಯಲ್ಲಿ ಸುತ್ತುತ್ತದೆಂದು ವಿಲಿಯಂ ಹಾರ್ವೆ 1628ರಲ್ಲಿ ತೋರಿಸಿಯಾಗಿತ್ತು. ಆದರೆ ಅದು ಶ್ವಾಸಕೋಶಕ್ಕೆ ಹೋಗಿ ಏನು ಮಾಡಿಕೊಂಡು ಬರುತ್ತದೆ ಎಂಬುದು ಬಗೆಹರಿದಿರಲಿಲ್ಲ. ಕಪ್ಪು ಕೆಂಪಿನ ರಕ್ತ ಶ್ವಾಸಕೋಶದಲ್ಲಿ ಗಾಳಿ ಸೋಕಿದಾಗ ಮಾತ್ರ ಹೊಳೆಯುವ ಕೆಂಪಾಗುತ್ತದೆ, ಬೋಗುಣಿಯಲ್ಲಿಟ್ಟ ರಕ್ತವೂ ಗಾಳಿ ತಾಗಿದ ಮೇಲ್ಭಾಗದಲ್ಲಿ ಹಾಗೆಯೇ ಆಗುತ್ತದೆ ಎಂದು ಲೋವರ್ 1669ರಲ್ಲಿ ಬರೆದರು. ಗಾಳಿಯಲ್ಲಿನ ಏನೋ ಒಂದು ರಕ್ತಕ್ಕೆ ಸೇರುತ್ತಿದೆ ಎಂಬಷ್ಟು ಖಚಿತವಾಯಿತು. ಅದು ಆಮ್ಲಜನಕವೆಂದು ತಿಳಿಯಲು ಮತ್ತೆ ನೂರು ವರ್ಷ ಕಳೆದು ಲಾವೋಸಿಯೆ ಬರಬೇಕಾಯಿತು. ಉಸಿರಾಟವೆಂದರೆ ಮೆಲ್ಲನೆ ಉರಿಯುವ ಬೆಂಕಿ ಎಂದು ಅವರು ಕಂಡುಕೊಂಡರು. ಒಲೆ ಮಾತ್ರ ಶ್ವಾಸಕೋಶದಲ್ಲಿದೆ ಎಂದುಕೊಂಡರು. ಒಲೆ ಇರುವುದು ಮೈಯ ಪ್ರತಿಯೊಂದು ಜೀವಕೋಶದಲ್ಲಿ.

ಅದು ತಿಳಿಯುವ ದಾರಿಯಲ್ಲಿ ಬರ್ಲಿನ್ನಿನ ಗುಸ್ಟಾವ್ ಮಾಗ್ನಸ್ 1837ರಲ್ಲಿ ಮಾಡಿದ ಪ್ರಯೋಗವೊಂದಿದೆ. ಅವರು ಎರಡೂ ಬಗೆಯ ರಕ್ತವನ್ನು ನಿರ್ವಾತಕ್ಕೊಡ್ಡಿ ಅದರೊಳಗಿನ ಅನಿಲಗಳನ್ನು ಎಳೆದು ತೆಗೆದರು. ಸಿಕ್ಕ ಫಲ ವಿಚಿತ್ರ: ‘ಶುದ್ಧ’ ರಕ್ತದಲ್ಲೂ ಇಂಗಾಲದ ಡೈಆಕ್ಸೈಡ್ ಇದೆ, ‘ಮಲಿನ’ ರಕ್ತದಲ್ಲೂ ಆಮ್ಲಜನಕ ಇದೆ! ಈಗ ಲೆಕ್ಕ ಇನ್ನೂ ನಿಖರವಾಗಿದೆ. ಆರೋಗ್ಯವಂತನ ಅಪಧಮನಿಯ 100 ಮಿಲಿಲೀಟರ್ ರಕ್ತದಲ್ಲಿ ಸುಮಾರು 20 ಮಿಲಿಲೀಟರ್ ಆಮ್ಲಜನಕವೂ 48 ಮಿಲಿಲೀಟರ್ ಇಂಗಾಲದ ಡೈಆಕ್ಸೈಡೂ ಇರುತ್ತವೆ. ಅದು ಮೈಯೆಲ್ಲ ಸುತ್ತಿ ಅಭಿಧಮನಿಗೆ ಬಂದಾಗ ಆಮ್ಲಜನಕ 15ಕ್ಕೆ ಇಳಿದಿರುತ್ತದೆ, ಇಂಗಾಲದ ಡೈಆಕ್ಸೈಡ್ 52ಕ್ಕೆ ಏರಿರುತ್ತದೆ. ಅಂದರೆ ‘ಶುದ್ಧ’ವೆಂಬ ರಕ್ತದಲ್ಲಿಯೇ ‘ಕೊಳೆ’ ಆಮ್ಲಜನಕದ ಎರಡು ಪಟ್ಟಿಗೂ ಹೆಚ್ಚು. ‘ಮಲಿನ’ವೆಂಬುದರಲ್ಲಿ ಮುಕ್ಕಾಲು ಪಾಲು ಆಮ್ಲಜನಕ ಇನ್ನೂ ಉಳಿದಿದೆ. ಸಂತೆಯಿಂದ ಮರಳುವ ಗಾಡಿಯಲ್ಲಿ ಮುಕ್ಕಾಲು ಸರಕು ಹಾಗೆಯೇ ಇದ್ದರೆ ವ್ಯಾಪಾರ ಕೆಟ್ಟಿತೆನ್ನಬಹುದು. ರಕ್ತದ ಮಟ್ಟಿಗೆ ಅದು ಕೈಗಾವಲಿನ ದಾಸ್ತಾನು. ಓಡುವಾಗ, ಮೆಟ್ಟಿಲು ಹತ್ತುವಾಗ ಸ್ನಾಯುಗಳು ಅದನ್ನೂ ಎಳೆದುಕೊಳ್ಳುತ್ತವೆ.

ಇಷ್ಟು ಆಮ್ಲಜನಕವನ್ನು ಬರಿಯ ನೀರಿನಂಥ ದ್ರವ ಹೊರಲಾರದು. ರಕ್ತದ ತಿಳಿಭಾಗವಾದ ಪ್ಲಾಸ್ಮಾದಲ್ಲಿ ಕರಗುವುದು 100 ಮಿಲಿಲೀಟರಿಗೆ 0.3 ಮಿಲಿಲೀಟರ್ ಮಾತ್ರ. ಸುಮ್ಮನೆ ಕುಳಿತ ಮನುಷ್ಯನಿಗೆ ನಿಮಿಷಕ್ಕೆ ಸುಮಾರು 250 ಮಿಲಿಲೀಟರ್ ಆಮ್ಲಜನಕ ಬೇಕು. ಕರಗಿದ್ದನ್ನಷ್ಟೇ ನಂಬಿದರೆ, ಈಗ ನಿಮಿಷಕ್ಕೆ ಐದು ಲೀಟರ್ ತಳ್ಳುತ್ತಿರುವ ಹೃದಯ ಎಂಬತ್ತು ಲೀಟರಿಗೂ ಹೆಚ್ಚು ತಳ್ಳಬೇಕಾಗುತ್ತಿತ್ತು. ಆಮ್ಲಜನಕ ಸುಮ್ಮನೆ ಕರಗಿರುವುದಲ್ಲ, ಯಾವುದೋ ವಸ್ತುವಿಗೆ ಅಂಟಿಕೊಂಡಿದೆ ಎಂದು 1857ರಲ್ಲಿ ತೋರಿಸಿದವರು ಲೋಥರ್ ಮೇಯರ್. ಮುಂದೆ ಮೂಲಧಾತುಗಳ ಆವರ್ತ ಕೋಷ್ಟಕದಿಂದ ಹೆಸರಾದ ಮೇಯರ್ ಇವರೇ. ಆ ವಸ್ತುವನ್ನು ಶೋಧಿಸಿ, ಅದರ ರೋಹಿತವನ್ನು ಪರೀಕ್ಷಿಸಿ, 1864ರಲ್ಲಿ ಹಿಮೋಗ್ಲೋಬಿನ್ ಎಂದು ಹೆಸರಿಟ್ಟವರು ಜರ್ಮನಿಯ ಫೆಲಿಕ್ಸ್ ಹೋಪ್-ಸೈಲರ್. ಟ್ಯೂಬಿಂಗೆನ್ ಕೋಟೆಯ ಹಳೆಯ ಅಡುಗೆಮನೆಯೇ ಅವರ ಪ್ರಯೋಗಾಲಯವಾಗಿತ್ತು.

ಹಿಮೋಗ್ಲೋಬಿನ್ನಿನ ಒಂದೊಂದು ಅಣುವಿನಲ್ಲೂ ನಾಲ್ಕು ಕಬ್ಬಿಣದ ಪರಮಾಣುಗಳಿವೆ. ಒಂದೊಂದೂ ಒಂದು ಆಮ್ಲಜನಕದ ಅಣುವನ್ನು ಹಿಡಿದುಕೊಳ್ಳುತ್ತದೆ. ಹಿಡಿದಾಗ ಹೊಳಪು ಕೆಂಪು, ಬಿಟ್ಟಾಗ ಕಡು ನೇರಳೆ ಕೆಂಪು. ಲೋವರ್ ಬೋಗುಣಿಯಲ್ಲಿ ಕಂಡದ್ದು ಇದನ್ನೇ. ಒಂದು ಕೆಂಪು ರಕ್ತಕಣದಲ್ಲಿ ಇಂಥ ಅಣುಗಳು ಸುಮಾರು 27 ಕೋಟಿ. ನಾಲ್ಕು ಆಸನದ ಗಾಡಿ ಎಂದುಕೊಂಡರೆ, ಶ್ವಾಸಕೋಶದಿಂದ ಹೊರಡುವ ಹೊತ್ತಿಗೆ ನೂರರಲ್ಲಿ ತೊಂಬತ್ತೇಳು ಆಸನ ತುಂಬಿಯೇ ಇರುತ್ತವೆ. ರಕ್ತಹೀನತೆ ಇದ್ದವರಲ್ಲಿ ಆಸನಗಳು ತುಂಬಿರುತ್ತವೆ, ಗಾಡಿಗಳೇ ಕಡಿಮೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ 15ರಿಂದ 49 ವಯಸ್ಸಿನ ಭಾರತೀಯ ಮಹಿಳೆಯರಲ್ಲಿ ಶೇಕಡಾ 57 ಮಂದಿ ಹೀಗಿದ್ದರು. ಎರಡು ಕೊಡ ನೀರು ಹೊತ್ತು ತಂದರೆ ಏದುಸಿರು ಬರುವುದು ಸೋಮಾರಿತನದಿಂದಲ್ಲ.

ಇನ್ನು ಇಂಗಾಲದ ಡೈಆಕ್ಸೈಡ್. ಆಮ್ಲಜನಕ ಇಳಿದ ಆಸನದಲ್ಲಿಯೇ ಅದು ಹತ್ತಿ ಕುಳಿತು ಬರುತ್ತದೆ ಎಂದು ಹಲವರ ತಿಳಿವಳಿಕೆ. ಹಾಗಲ್ಲ. ಕಬ್ಬಿಣದ ಆಸನಕ್ಕೆ ಅದು ಹತ್ತುವುದೇ ಇಲ್ಲ. ಸ್ವಲ್ಪ ಭಾಗ ಹಾಗೆಯೇ ಕರಗಿರುತ್ತದೆ. ಇನ್ನೊಂದು ಪಾಲು ಹಿಮೋಗ್ಲೋಬಿನ್ನಿನ ಪ್ರೋಟೀನು ಭಾಗಕ್ಕೆ, ಬೇರೆಯೇ ಜಾಗದಲ್ಲಿ ಅಂಟಿಕೊಳ್ಳುತ್ತದೆ. ಬಹುಪಾಲು ಮಾತ್ರ ರೂಪವನ್ನೇ ಬದಲಿಸಿಕೊಂಡು ಪ್ರಯಾಣ ಮಾಡುತ್ತದೆ. ಗೋಲಿ ಸೋಡಾದಲ್ಲಿ ನಡೆದಿರುವುದೂ ಇದರ ಆರಂಭವೇ: ಇಂಗಾಲದ ಡೈಆಕ್ಸೈಡ್ ನೀರಿಗೆ ಸೇರಿ ಕಾರ್ಬಾನಿಕ್ ಆಮ್ಲವಾಗುತ್ತದೆ, ನಾಲಿಗೆಗೆ ಚುರುಕು ಕೊಡುತ್ತದೆ. ರಕ್ತದಲ್ಲಿ ಆ ಆಮ್ಲ ಒಡನೆಯೇ ಒಡೆದು ಒಂದು ಕಡೆ ಆಮ್ಲದ ಹುಳಿಗೆ ಕಾರಣವಾದ ಹೈಡ್ರೊಜನ್ ಅಯಾನು, ಇನ್ನೊಂದು ಕಡೆ ಬೈಕಾರ್ಬೊನೇಟ್ ಆಗುತ್ತದೆ. ಈ ಬೈಕಾರ್ಬೊನೇಟ್ ಬೇರಾವುದೂ ಅಲ್ಲ, ಇಡ್ಲಿ ಹಿಟ್ಟಿಗೆ ಚಿಟಿಕೆ ಹಾಕುವ ಅಡುಗೆ ಸೋಡಾದ ಅರ್ಧ ಭಾಗ. ಅದು ಕಣದಿಂದ ಹೊರಬಂದು ಪ್ಲಾಸ್ಮಾದಲ್ಲಿ ತೇಲಿಕೊಂಡು ಶ್ವಾಸಕೋಶಕ್ಕೆ ಹೋಗುತ್ತದೆ. ಅಲ್ಲಿ ಎಲ್ಲವೂ ಹಿಂದುಮುಂದಾಗಿ, ಗೋಲಿ ಒತ್ತಿದ ಸೋಡಾದಂತೆ ಅನಿಲ ಹೊರಬರುತ್ತದೆ. ಲೋಮನಾಳದಲ್ಲಿ ರಕ್ತ ನಿಲ್ಲುವುದು ಒಂದು ಸೆಕೆಂಡಿಗಿಂತ ಕಡಿಮೆ. ಅಷ್ಟರೊಳಗೆ ಈ ಕೆಲಸ ಮುಗಿಯಬೇಕು. ತಾನಾಗಿ ಬಿಟ್ಟರೆ ಮುಗಿಯದು. ಕೆಂಪು ಕಣದೊಳಗೆ ಇದನ್ನು ಚುರುಕುಗೊಳಿಸುವ ಕಿಣ್ವವೊಂದಿದೆ ಎಂದು ಕೇಂಬ್ರಿಜ್ಜಿನ ಮೆಲ್ಡ್ರಮ್ ಮತ್ತು ರಫ್ಟನ್ 1930ರ ದಶಕದ ಆರಂಭದಲ್ಲಿ ಪತ್ತೆಹಚ್ಚಿದರು. ಆ ಕಿಣ್ವದ ಒಂದು ಅಣು ಸೆಕೆಂಡಿಗೆ ಹತ್ತು ಲಕ್ಷದಷ್ಟು ಇಂಗಾಲದ ಡೈಆಕ್ಸೈಡ್ ಅಣುಗಳನ್ನು ಮಾರ್ಪಡಿಸಬಲ್ಲದು.

ಇಲ್ಲಿಯವರೆಗೆ ಎರಡು ಸರಕು, ಎರಡು ದಾರಿ. ಆದರೆ ಇವೆರಡೂ ಒಂದಕ್ಕೊಂದು ಗಂಟು ಬಿದ್ದಿವೆ. ಸ್ವಾರಸ್ಯವೆಲ್ಲ ಇರುವುದು ಅಲ್ಲಿ. 1904ರಲ್ಲಿ ಕೋಪನ್‌ಹೇಗನ್ನಿನಲ್ಲಿ ಕ್ರಿಶ್ಚಿಯನ್ ಬೋರ್ (ಪರಮಾಣು ವಿಜ್ಞಾನಿ ನೀಲ್ಸ್ ಬೋರ್ ಅವರ ತಂದೆ) ತಮ್ಮ ಇಬ್ಬರು ಸಹೋದ್ಯೋಗಿಗಳೊಂದಿಗೆ ಒಂದು ಸಂಗತಿಯನ್ನು ಪ್ರಕಟಿಸಿದರು. ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಹೆಚ್ಚಿದಂತೆ ಹಿಮೋಗ್ಲೋಬಿನ್ನಿನ ಹಿಡಿತ ಸಡಿಲಾಗಿ ಅದು ಆಮ್ಲಜನಕವನ್ನು ಬಿಟ್ಟುಕೊಡುತ್ತದೆ. ಎಷ್ಟು ಚೆಂದದ ವ್ಯವಸ್ಥೆ ನೋಡಿ. ದುಡಿಯುತ್ತಿರುವ ಸ್ನಾಯುವಿನಲ್ಲಿ ಇಂಗಾಲದ ಡೈಆಕ್ಸೈಡ್ ಹೆಚ್ಚು; ಅಲ್ಲಿಗೆ ಬಂದ ರಕ್ತಕ್ಕೆ ‘ಇಳಿಸು’ ಎಂದು ಅದೇ ಹೇಳುತ್ತದೆ. ಸುಮ್ಮನಿರುವ ಸ್ನಾಯುವಿನಲ್ಲಿ ಅದು ಕಡಿಮೆ. ಅಲ್ಲಿ ಇಳಿಸುವುದೂ ಕಡಿಮೆ. ಹತ್ತು ವರ್ಷಗಳ ಬಳಿಕ, 1914ರಲ್ಲಿ, ಡೆನ್ಮಾರ್ಕಿನ ಜೊಹಾನ್ನೆ ಕ್ರಿಶ್ಚಿಯಾನ್‌ಸೆನ್ ಎಂಬ ಮಹಿಳೆ ಇಂಗ್ಲೆಂಡಿನ ಡಗ್ಲಸ್ ಮತ್ತು ಜಾನ್ ಸ್ಕಾಟ್ ಹಾಲ್ಡೇನ್ ಅವರೊಂದಿಗೆ ಇದರ ಮರುಮುಖವನ್ನು ತೋರಿಸಿದರು: ಆಮ್ಲಜನಕ ಬಿಟ್ಟ ರಕ್ತ ಇಂಗಾಲದ ಡೈಆಕ್ಸೈಡನ್ನು ಹೆಚ್ಚು ಹೊರಬಲ್ಲದು, ಶ್ವಾಸಕೋಶದಲ್ಲಿ ಆಮ್ಲಜನಕ ಹತ್ತಿದೊಡನೆ ಅದನ್ನು ಹೊರದೂಡುತ್ತದೆ. ಆಮ್ಲಜನಕ ಸೇರಿದಾಗ ಹಿಮೋಗ್ಲೋಬಿನ್ ತನ್ನ ಆಕಾರವನ್ನೇ ಬದಲಿಸಿಕೊಳ್ಳುತ್ತದೆ ಎಂಬುದು ಇದಕ್ಕೆ ಕಾರಣ. 1937ರಲ್ಲಿ ಆ ಅಣುವಿನ ಬೆನ್ನುಹತ್ತಿದ ಮ್ಯಾಕ್ಸ್ ಪೆರುಟ್ಜ್ ಅದರ ರಚನೆ ಕಂಡದ್ದು 1959ರಲ್ಲಿ, ಇಪ್ಪತ್ತೆರಡು ವರ್ಷ ಕಳೆದ ಮೇಲೆ. ಮೂರು ವರ್ಷದಲ್ಲಿ ನೊಬೆಲ್ ಬಹುಮಾನ ಬಂತು. ಆಕಾರ ಹೇಗೆ ಬದಲಾಗುತ್ತದೆ ಎಂಬ ವಿವರ ಬಿಡಿಸಲು ಮಾತ್ರ ಮತ್ತೆ ಹಲವು ವರ್ಷ ಬೇಕಾಯಿತು.

ಈಗ ಜೆನಿತ್ ಬುಟ್ಟಿಗೆ ಮರಳಬಹುದು. ಅಲ್ಲಿನ ಮೌನಕ್ಕೆ ಅರ್ಥ ಹೇಳಿದವರು ಇದೇ ಹಾಲ್ಡೇನ್. (ಭಾರತಕ್ಕೆ ಬಂದು ನೆಲೆಸಿ 1964ರಲ್ಲಿ ಭುವನೇಶ್ವರದಲ್ಲಿ ತೀರಿಕೊಂಡ ಜೀವವಿಜ್ಞಾನಿ ಜೆ.ಬಿ.ಎಸ್. ಹಾಲ್ಡೇನ್ ಇವರ ಮಗ. ಹುಡುಗನಾಗಿದ್ದಾಗಲೇ ತಂದೆಯ ಪ್ರಯೋಗಗಳಿಗೆ ಮೈಯೊಡ್ಡಿದವರು.) ತಂದೆ ಹಾಲ್ಡೇನ್, ಜೆ.ಜಿ. ಪ್ರೀಸ್ಟ್ಲಿ ಎಂಬವರೊಡನೆ ಕಾರ್ನ್‌ವಾಲಿನ ಆಳವಾದ ಗಣಿಗೂ ಸ್ಕಾಟ್ಲೆಂಡಿನ ಬೆನ್ ನೆವಿಸ್ ಬೆಟ್ಟದ ತುದಿಗೂ ಹೋಗಿ, ಶ್ವಾಸಕೋಶದ ತಳದ ಗಾಳಿಯನ್ನು ಉದ್ದ ಕೊಳವೆಯೊಳಕ್ಕೆ ಊದಿಸಿ ಅಳೆದರು. ಗಾಳಿಯ ಒತ್ತಡ ಎಷ್ಟೇ ಬದಲಾದರೂ ಶ್ವಾಸಕೋಶದೊಳಗಿನ ಇಂಗಾಲದ ಡೈಆಕ್ಸೈಡಿನ ಒತ್ತಡ ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿತ್ತು. ಅದು ವಾಯುಮಂಡಲದ ಒತ್ತಡದ ಶೇಕಡಾ 0.2ರಷ್ಟು ಏರಿದರೆ ಸಾಕು, ಉಸಿರಾಟ ಇಮ್ಮಡಿಯಾಗುತ್ತದೆ. 1905ರಲ್ಲಿ ಪ್ರಕಟವಾದ ಈ ಫಲದ ಅರ್ಥವಿಷ್ಟೆ: ನಿತ್ಯದ ಉಸಿರಾಟವನ್ನು ನಡೆಸುತ್ತಿರುವುದು ಆಮ್ಲಜನಕದ ಕೊರತೆಯಲ್ಲ, ಇಂಗಾಲದ ಡೈಆಕ್ಸೈಡಿನ ಹೆಚ್ಚಳ. ಮೂಗು ಮುಚ್ಚಿದಾಗ ಎದೆಯೊಳಗೆ ಏಳುವ ತಳಮಳ ಅದರದೇ ಕೂಗು. ಆಮ್ಲಜನಕವನ್ನು ಗಮನಿಸುವ ಕಾವಲುಗಾರರೂ ಕುತ್ತಿಗೆಯ ಅಪಧಮನಿಗಳ ಬಳಿ ಇದ್ದಾರೆ, ಆದರೆ ಅವರು ತಡವಾಗಿ ಏಳುವವರು. ಆಮ್ಲಜನಕ ಬಹಳ ಇಳಿದ ಮೇಲೆಯೇ ಬಲವಾಗಿ ಕೂಗುತ್ತಾರೆ. ಎತ್ತರದಲ್ಲಿ ಆ ಕೂಗಿಗೆ ಉಸಿರು ಚುರುಕಾದರೆ ಇಂಗಾಲದ ಡೈಆಕ್ಸೈಡ್ ಇನ್ನಷ್ಟು ಹೊರಹೋಗಿ ತಳಮಳವೂ ತಗ್ಗುತ್ತದೆ. ಜೆನಿತ್ ಬುಟ್ಟಿಯಲ್ಲಿ ಮೂವರೂ ಸಲೀಸಾಗಿ ಉಸಿರು ಬಿಡುತ್ತಿದ್ದರು. ಇಂಗಾಲದ ಡೈಆಕ್ಸೈಡ್ ಹೊರಹೋಗುತ್ತಲೇ ಇತ್ತು. ಅಪಾಯ ಸಾರಬೇಕಾದದ್ದೇ ಅಲ್ಲಿ ಇರಲಿಲ್ಲ. ಅಪಾಯವನ್ನು ಅರಿಯಬೇಕಾದ ಮಿದುಳು ಎಲ್ಲಕ್ಕಿಂತ ಮೊದಲು ಮಂಕಾಗಿತ್ತು.

ಬಲೂನು ಹತ್ತುವವರು ಎಲ್ಲೋ ಕೆಲವರು. ಆದರೆ ಬೇಸಿಗೆ ರಜೆಯಲ್ಲಿ ಬಾವಿ, ಕೆರೆ, ಈಜುಕೊಳಗಳಲ್ಲಿ ಯಾರು ಹೆಚ್ಚು ಹೊತ್ತು ಮುಳುಗಿರುತ್ತಾರೆ ನೋಡೋಣ ಎಂದು ಪಂಥ ಕಟ್ಟುವ ಹುಡುಗರು ಎಲ್ಲ ಊರುಗಳಲ್ಲೂ ಇದ್ದಾರೆ. ಧುಮುಕುವ ಮುನ್ನ ಹತ್ತಿಪ್ಪತ್ತು ಸಲ ಜೋರಾಗಿ ಉಸಿರು ಎಳೆದು ಬಿಟ್ಟರೆ ಹೆಚ್ಚು ಹೊತ್ತು ತಾಳಬಹುದೆಂಬ ಉಪಾಯ ಅವರಿಗೆ ಗೊತ್ತು. ತಾಳುವುದು ನಿಜ, ಕಾರಣ ಮಾತ್ರ ಅವರು ಎಣಿಸಿದ್ದಲ್ಲ. ಆಸನಗಳು ಮೊದಲೇ ತೊಂಬತ್ತೇಳರಷ್ಟು ತುಂಬಿರುವಾಗ ಜೋರು ಉಸಿರಿನಿಂದ ರಕ್ತಕ್ಕೆ ಸೇರುವ ಆಮ್ಲಜನಕ ಲೆಕ್ಕಕ್ಕೆ ಬಾರದಷ್ಟು. ಖಾಲಿಯಾಗುವುದು ಇಂಗಾಲದ ಡೈಆಕ್ಸೈಡ್. ಮೇಲೆ ಬಾ ಎಂದು ಕರೆಯಬೇಕಾದ ಅದು ಮತ್ತೆ ಕೂಡಿ ಬರುವ ಮೊದಲೇ ಆಮ್ಲಜನಕ ತೀರಿ ಹುಡುಗ ನೀರೊಳಗೇ ಪ್ರಜ್ಞೆ ತಪ್ಪುತ್ತಾನೆ. ಒದ್ದಾಟವಿಲ್ಲ, ನೀರು ಕಲಕುವುದಿಲ್ಲ. ದಡದ ಮೇಲಿನವರು ಇನ್ನೂ ಎಣಿಸುತ್ತಲೇ ಇರುತ್ತಾರೆ. ಚೆನ್ನಾಗಿ ಈಜುಬಲ್ಲವರೇ ಹೀಗೆ ಸಾಯುವುದಕ್ಕೆ ಜನ ಬೇರೆ ಬೇರೆ ಕಾರಣ ಹೇಳುತ್ತಾರೆ. ಗಾಳಿಯ ಮೇಲೆ ಹೊರಿಸುತ್ತಾರೆ, ಗ್ರಹಚಾರದ ಮೇಲೆ ಹೊರಿಸುತ್ತಾರೆ. ಈಜು ಕಲಿಸುವವರು ಮೊದಲ ದಿನವೇ ಈ ಉಪಾಯವನ್ನು ನಿಷೇಧಿಸಬೇಕು.

2020ರಲ್ಲಿ ಕೋವಿಡ್ ಬಂದಾಗ ಅದೇ ಮೌನ ಆಸ್ಪತ್ರೆಗಳಲ್ಲಿ ಕಾಣಿಸಿತು. ರಕ್ತದಲ್ಲಿ ಆಮ್ಲಜನಕ ಅಪಾಯದ ಮಟ್ಟಕ್ಕೆ ಇಳಿದಿದ್ದ ರೋಗಿಗಳು ಫೋನಿನಲ್ಲಿ ಮಾತಾಡುತ್ತ ಕುಳಿತಿರುತ್ತಿದ್ದರು. ‘ಹ್ಯಾಪಿ ಹೈಪಾಕ್ಸಿಯಾ’ ಎಂಬ ವಿಲಕ್ಷಣ ಹೆಸರು ಬಂತು. ಶ್ವಾಸಕೋಶದ ಪೊರೆಯನ್ನು ಇಂಗಾಲದ ಡೈಆಕ್ಸೈಡ್ ಆಮ್ಲಜನಕಕ್ಕಿಂತ ಬಹಳ ಸುಲಭವಾಗಿ ದಾಟುತ್ತದೆ. ಕೆಟ್ಟ ಶ್ವಾಸಕೋಶದಿಂದಲೂ ಅದು ಹೊರಹೋಗುತ್ತಿದ್ದುದರಿಂದ ಮೈ ಎಚ್ಚರಿಸಲಿಲ್ಲ ಎಂಬುದು ಇದಕ್ಕೆ ಕೊಟ್ಟ ಮುಖ್ಯ ವಿವರಣೆ. ಆಗ ಮನೆಮನೆಗೂ ಬಂದದ್ದು ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್. ಜಪಾನಿನ ಎಂಜಿನಿಯರ್ ತಕುವೊ ಅಒಯಾಗಿ 1974ರಲ್ಲಿ ರೂಪಿಸಿದ ತತ್ವ ಅದರದು. ಕೆಂಪು ಬೆಳಕನ್ನೂ ಕಣ್ಣಿಗೆ ಕಾಣದ ಅವಗೆಂಪು ಬೆಳಕನ್ನೂ ಬೆರಳಿನ ಮೂಲಕ ಹಾಯಿಸಿ, ನಾಡಿ ಬಡಿದಾಗಲೆಲ್ಲ ನುಗ್ಗುವ ಅಪಧಮನಿಯ ರಕ್ತದ ಬಣ್ಣವನ್ನಷ್ಟೇ ಅದು ಓದುತ್ತದೆ. ಲೋವರ್ ಬರಿಗಣ್ಣಿಂದ ನೋಡಿದ ಕೆಂಪು ಇಲ್ಲಿ ಅಂಕಿಯಾಗುತ್ತದೆ. ಅಒಯಾಗಿ 2020ರ ಏಪ್ರಿಲ್ 18ರಂದು, ಅವರ ಯಂತ್ರಕ್ಕಾಗಿ ಜಗತ್ತೇ ಅಂಗಡಿ ಅಂಗಡಿ ಅಲೆಯುತ್ತಿದ್ದಾಗ, 84ನೆಯ ವಯಸ್ಸಿನಲ್ಲಿ ತೀರಿಕೊಂಡರು.

ಬಣ್ಣ ಓದುವ ಯಂತ್ರವನ್ನು ಬಣ್ಣದಿಂದಲೇ ಮೋಸಗೊಳಿಸಬಲ್ಲ ಅನಿಲವೊಂದಿದೆ, ಇಂಗಾಲದ ಮೊನಾಕ್ಸೈಡ್. ಕಿಟಕಿ ಮುಚ್ಚಿದ ಬಚ್ಚಲಲ್ಲಿ ಉರಿಯುವ ಗ್ಯಾಸ್ ಗೀಸರ್, ಚಳಿಗೆಂದು ಬಾಗಿಲು ಹಾಕಿದ ಕೋಣೆಯಲ್ಲಿಟ್ಟ ಇದ್ದಲಿನ ಕೆಂಡ, ಇವುಗಳಿಂದ ಅದು ಹುಟ್ಟುತ್ತದೆ. ವಾಸನೆಯಿಲ್ಲ, ಕಣ್ಣು ಉರಿಯುವುದಿಲ್ಲ. ಹಿಮೋಗ್ಲೋಬಿನ್ನಿನ ಕಬ್ಬಿಣದ ಆಸನಕ್ಕೆ ಆಮ್ಲಜನಕಕ್ಕಿಂತ ಇನ್ನೂರಕ್ಕೂ ಹೆಚ್ಚು ಪಟ್ಟು ಬಿಗಿಯಾಗಿ ಅಂಟುತ್ತದೆ, ಇಳಿಯಲೊಲ್ಲದು. ಇಂಗಾಲದ ಡೈಆಕ್ಸೈಡ್ ಮಾತ್ರ ಎಂದಿನಂತೆ ಹೊರಹೋಗುವುದರಿಂದ ಇಲ್ಲಿಯೂ ಉಸಿರುಗಟ್ಟಿದ ಅನುಭವವಿಲ್ಲ. ತಲೆನೋವು, ತಲೆಸುತ್ತು, ಆಮೇಲೆ ಕುಸಿತ. ಈ ಅನಿಲ ಹತ್ತಿದ ರಕ್ತವೂ ಹೊಳಪು ಕೆಂಪು. ಆದ್ದರಿಂದ ಬಚ್ಚಲಿಂದ ಎತ್ತಿ ತಂದವರ ಬೆರಳಿಗೆ ಸಾಮಾನ್ಯ ಆಕ್ಸಿಮೀಟರ್ ಸಿಕ್ಕಿಸಿದರೆ ಅದು 98 ಎಂದು ತೋರಿಸಬಹುದು, ಎಲ್ಲ ಸರಿಯಿದೆಯೆಂಬಂತೆ. ನಿಜ ತಿಳಿಯಲು ರಕ್ತ ತೆಗೆದು ಬೇರೆ ಯಂತ್ರದಲ್ಲಿ ನೋಡಬೇಕು. ಹಾಗೆ ನೋಡಬೇಕೆಂದು ವೈದ್ಯರಿಗೆ ಹೊಳೆಯುವುದಕ್ಕೆ, ಕರೆತಂದವರು ಮೊದಲು ಹೇಳಬೇಕಾದ ಮಾತೊಂದಿದೆ: ಬಾಗಿಲು ಕಿಟಕಿ ಮುಚ್ಚಿತ್ತು, ಗೀಸರ್ ಉರಿಯುತ್ತಿತ್ತು.